ಸರೋವರತೀರದ ರಾಜನಾಟ್ಯಶಾಲೆ

ಪುರಾತನವಾದ ನಾಟ್ಯಶಾಲೆಯೊಂದನ್ನು ಗೃಹಸ್ಥರ ವಿವಾಹಕ್ಕೂ ವರ್ತಕರ ಔತಣಕ್ಕೂ ಮಿತ್ರಗೋಷ್ಠಿಗೂ ಬಾಡಿಗೆಗೆ ಕೊಡುವುದು ಯುಕ್ತವೇ ಅಯುಕ್ತವೇ ಎಂಬ ಪ್ರಶ್ನೆ ಈಗ ಅನೇಕ ದೇಶಗಳಲ್ಲಿ ಎದ್ದಿದೆ. ಐರೋಪ್ಯ ಖಂಡದಲ್ಲಿ ಅರಮನೆಗಳನ್ನೂ ಕೋಟೆಗಳನ್ನೂ ರಂಗಮಂದಿರಗಳನ್ನೂ ಹೀಗೆ ಒಂದು ಸಂಜೆಯ ಮಟ್ಟಿಗೆ ಬಿಟ್ಟುಕೊಡುವ ಪದ್ಧತಿ ಸಾಮಾನ್ಯವಾಗಿ ಹೋಗಿದೆ. ಕಟ್ಟಡವು ಸರೋವರದ ದಂಡೆಯಲ್ಲಿಯೋ ನದೀತೀರದಲ್ಲಿಯೋ ಇದ್ದರಂತೂ ಕೇಳುವವರು ಹೆಚ್ಚು, ಕೊಡುವ ಹಣವೂ ಹೆಚ್ಚು. ಕೊಡಕೂಡದೆನ್ನುವವರು ಪರಂಪರೆಯ ಮಾತನ್ನೆತ್ತುತ್ತಾರೆ; ಕೊಡಬೇಕೆನ್ನುವವರು ಸೋರುವ ಮಾಡನ್ನು ಬೆರಳಿಟ್ಟು ತೋರಿಸುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ವಾದವು ಬರಿಯ ತತ್ತ್ವದ ಮೇಲೆ ನಡೆದರೆ ಎಂದಿಗೂ ಮುಗಿಯುವಂತಹುದಲ್ಲವಾದುದರಿಂದ, ಒಂದು ನಿರ್ದಿಷ್ಟವಾದ ಕಟ್ಟಡದ ಚರಿತ್ರೆಯನ್ನು ತೆಗೆದುಕೊಂಡು, ಅದು ಯಾವ ಯಾವ ಕಾಲದಲ್ಲಿ ಯಾರ ಯಾರ ಭೋಗಕ್ಕೆ ಬಂದಿತು, ಅದರಿಂದ ಕಟ್ಟಡಕ್ಕೆ ಒದಗಿದ ಲಾಭನಷ್ಟಗಳೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಆರಿಸಿಕೊಂಡಿರುವುದು ಸ್ವೀಡನ್ ದೇಶದ ಡ್ರಾಟ್ನಿಂಗ್‌ಹೋಲ್ಮ್ ಎಂಬಲ್ಲಿರುವ ರಾಜನಾಟ್ಯಶಾಲೆ. ಆ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರಕ್ಕೆ ಪಶ್ಚಿಮದಲ್ಲಿ ಮೆಲಾರೆನ್ ಎಂಬ ವಿಸ್ತಾರವಾದ ಸರೋವರವಿರುವುದು. ಅದರ ದ್ವೀಪಗಳಲ್ಲಿ ಒಂದಾದ ಲೋವನ್ ದ್ವೀಪದ ಅಂಚಿನಲ್ಲಿ, ನಗರಮಧ್ಯದಿಂದ ಹತ್ತು ಹನ್ನೊಂದು ಕಿಲೋಮೀಟರು ದೂರದಲ್ಲಿ, ನೀರಿಗೆ ಮುಖವಾಗಿ ಒಂದು ಅರಮನೆ; ಅರಮನೆಯ ಪಕ್ಕದಲ್ಲಿಯೇ ನಾಟ್ಯಶಾಲೆ. ಬೇಸಗೆಯಲ್ಲಿ ಹೊಗೆಹಡಗನ್ನೇರಿ ನಗರದಿಂದ ಅಲ್ಲಿಗೆ ಹೋಗಬಹುದು. ಡ್ರಾಟ್ನಿಂಗ್‌ಹೋಲ್ಮ್ ಎಂದರೆ ಆ ಭಾಷೆಯಲ್ಲಿ ‘ರಾಣಿಯ ನಡುಗಡ್ಡೆ’ ಎಂದರ್ಥ. ಹದಿನಾರನೆಯ ಶತಮಾನದಲ್ಲಿ ಮೂರನೆಯ ಜಾನ್ ದೊರೆ ತನ್ನ ರಾಣಿಯಾದ ಕ್ಯಾಥರೀನಳಿಗಾಗಿ ಅಲ್ಲಿ ಮನೆ ಕಟ್ಟಿಸಿದುದರಿಂದ ಈ ಹೆಸರು ಬಂದಿತು. ಆ ಮೊದಲ ಅರಮನೆಯು 1661ರಲ್ಲಿ ಸುಟ್ಟುಹೋಗಲಾಗಿ, ಹೆಡ್ವಿಗ್ ಎಲಿಯೊನೋರಾ ರಾಣಿಯು ಮರುವರ್ಷವೇ ಹೊಸದನ್ನು ಆರಂಭಿಸಿದಳು. ಈಗ ನಿಂತಿರುವುದು ಅದೇ.

ನಮ್ಮ ಕಥೆಗೆ ಬೇಕಾದವಳು ಮೂರನೆಯ ರಾಣಿ, ಲೊವಿಸಾ ಉಲ್ರಿಕಾ. ಈಕೆ ಪ್ರಷ್ಯಾ ದೇಶದ ಪ್ರಖ್ಯಾತನಾದ ಫ್ರೆಡರಿಕ್ ದೊರೆಯ ತಂಗಿ. 1744ರಲ್ಲಿ ಸ್ವೀಡನ್ನಿನ ಯುವರಾಜನಾದ ಅಡೋಲ್ಫ್ ಫ್ರೆಡ್ರಿಕನನ್ನು ವರಿಸಿದಾಗ ಡ್ರಾಟ್ನಿಂಗ್‌ಹೋಲ್ಮ್ ಆಕೆಗೆ ವಿವಾಹದ ಉಡುಗೊರೆಯಾಗಿ ಬಂದಿತು. ಅಣ್ಣನಂತೆ ತಂಗಿಯೂ ವಿದ್ಯಾರಸಿಕಳು. ಫ್ರೆಂಚ್ ನಾಟಕಗಳಿಲ್ಲದೆ ಬೇಸಗೆ ಕಳೆಯುವುದು ಆಕೆಗೆ ಅಸಾಧ್ಯವಾಗಿದ್ದಿತು. 1754ರಲ್ಲಿ ಅರಮನೆಯ ಬಳಿ ಒಂದು ನಾಟ್ಯಶಾಲೆಯನ್ನು ಕಟ್ಟಿಸಿದಳು. ಎಂಟೇ ವರ್ಷ, 1762ರ ಆಗಸ್ಟ್ ತಿಂಗಳಲ್ಲಿ ಪ್ರಯೋಗ ನಡೆಯುತ್ತಿರುವಾಗಲೇ ಬೆಂಕಿ ಹತ್ತಿ ಅದು ಬೂದಿಯಾಯಿತು. ಮರದ ಕಟ್ಟಡ, ಬಟ್ಟೆಯ ಪರದೆಗಳು, ನೂರಾರು ಮೇಣದಬತ್ತಿಗಳು, ಸಂಭ್ರಮದಿಂದ ಸೇರಿದ ಜನ: ಇವು ನಾಲ್ಕೂ ಒಂದೆಡೆ ಕೂಡಿದ ಬಳಿಕ ಐದನೆಯದಾದ ಅಗ್ನಿಯನ್ನು ಪ್ರತ್ಯೇಕವಾಗಿ ಆಹ್ವಾನಿಸಬೇಕಾಗಿಲ್ಲ. ನಮ್ಮ ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹೋತ್ಸವದ ನಡುವೆ ಸುಟ್ಟುಹೋದುದನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಬಾಡಿಗೆಯ ಪ್ರಶ್ನೆಯಲ್ಲಿ ಈ ಅಗ್ನಿಯ ಮಾತು ಮುಂದೆ ಮತ್ತೆ ಬರುವುದು.

ರಾಣಿ ಧೈರ್ಯಗೆಡಲಿಲ್ಲ. ಕಾರ್ಲ್ ಫ್ರೆಡ್ರಿಕ್ ಆಡೆಲ್‌ಕ್ರಾಂಟ್ಸ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ ಹೊಸ ನಾಟ್ಯಶಾಲೆಯನ್ನು ಕಟ್ಟಲು ಆಜ್ಞಾಪಿಸಿದಳು. ಅದು 1766ರಲ್ಲಿ ಪೂರ್ತಿಯಾಯಿತು. ಬೊಕ್ಕಸದಲ್ಲಿ ಹಣ ಸಾಲದು. ಆದಕಾರಣ ಶಿಲ್ಪಿಯು ಅಮೃತಶಿಲೆಗೆ ಬದಲಾಗಿ ಅಮೃತಶಿಲೆಯಂತೆ ಬಣ್ಣ ಬಳಿದ ಮರವನ್ನೂ, ಕೆತ್ತನೆಗೆ ಬದಲಾಗಿ ಗಾರೆಯನ್ನೂ ಕಾಗದದ ಮುದ್ದೆಯನ್ನೂ ಉಪಯೋಗಿಸಿದನು. ಹೊರಗಿನಿಂದ ನೋಡಿದರೆ ಯಾವುದೋ ಕಚೇರಿಯ ಕಟ್ಟಡವೆಂದು ಭ್ರಮಿಸಬಹುದು. ಒಳಹೊಕ್ಕರೆ ಕಣ್ಣಿಗೆ ಕಾಣುವ ವೈಭವವೆಲ್ಲವೂ ಮಾಯೆ. ನಾಟ್ಯಶಾಲೆಗೆ ಇದು ಒಪ್ಪುವುದೆಂದೇ ಹೇಳಬೇಕು. ಬಡತನದಿಂದಾದ ಈ ಉಪಾಯವು ಇನ್ನೊಂದು ಗುಣವನ್ನೂ ತಂದಿತು. ಕಲ್ಲಿನ ಗೋಡೆಗಳಿಗಿಂತ ಮರದ ಒಡಲು ಸಂಗೀತಕ್ಕೆ ಹಿತ. ವೀಣೆಯ ಬುರುಡೆಯಂತೆ ಅದು ನಾದವನ್ನು ಹಿಡಿದು ಮೃದುವಾಗಿ ಬಿಡುವುದು.

ಭರತಮುನಿಯ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ಓದಿದವರಿಗೆ ಈ ಕಟ್ಟಡದ ವಿನ್ಯಾಸವು ಅಪರಿಚಿತವೆಂದು ತೋರದು. ಮುನಿಯು ವಿಕೃಷ್ಟ, ಚತುರಸ್ರ, ತ್ರ್ಯಸ್ರ ಎಂದು ಮೂರು ಬಗೆಯ ಮಂಟಪಗಳನ್ನು ಹೇಳಿ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮಪ್ರಮಾಣವೇ ಸಲ್ಲುವುದೆಂದೂ, ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗಿ ಮುಖಭಾವವು ಕಾಣದೆ ಹೋಗುವುದೆಂದೂ ವಿಧಿಸಿದ್ದಾನೆ. ಆ ಉದ್ದದಲ್ಲಿ ಅರ್ಧವು ಪ್ರೇಕ್ಷಕರಿಗೆ, ಅರ್ಧವು ರಂಗಕ್ಕೂ ನೇಪಥ್ಯಕ್ಕೂ. ಡ್ರಾಟ್ನಿಂಗ್‌ಹೋಲ್ಮಿನಲ್ಲಿಯೂ ರಂಗದ ಆಳವು ಸುಮಾರು 20 ಮೀಟರು. ಪ್ರೇಕ್ಷಾಗೃಹದ ಉದ್ದಕ್ಕೆ ಅದು ಹೆಚ್ಚು ಕಡಮೆ ಸಮವಾಗಿರುವುದು. ಕುಳಿತುಕೊಳ್ಳುವವರು ಸುಮಾರು 400 ಮಂದಿ ಮಾತ್ರ. ಆಡೆಲ್‌ಕ್ರಾಂಟ್ಸನು ಭರತನ ಹೆಸರನ್ನು ಕೇಳಿದ್ದಿರಲಾರನು. ಕಂಠದ ಶಕ್ತಿಗೂ ಕಣ್ಣಿನ ಶಕ್ತಿಗೂ ಇರುವ ಮಿತಿಯು ಎಲ್ಲಾ ದೇಶಗಳಲ್ಲಿಯೂ ಒಂದೇ ಆದುದರಿಂದ ಎರಡು ಶಾಸ್ತ್ರಗಳು ಒಂದೇ ಅಳತೆಯ ಕಡೆಗೆ ಬಂದುವೆಂದು ತಿಳಿಯಬೇಕು.

ಇನ್ನು ರಂಗದ ಯಂತ್ರಗಳ ವಿಚಾರ. ಇವುಗಳಿಗಾಗಿಯೇ ಈ ನಾಟ್ಯಶಾಲೆ ಲೋಕಪ್ರಸಿದ್ಧವಾಗಿರುವುದು. ಇವುಗಳನ್ನು ರಚಿಸಿದವನು ಡೊನಾಟೊ ಸ್ಟೊಪಾನಿ ಎಂಬ ಇಟಲಿಯವನು. ರಂಗದ ಎರಡು ಪಾರ್ಶ್ವಗಳಲ್ಲಿಯೂ ಒಂದರ ಹಿಂದೊಂದರಂತೆ ಬಣ್ಣದ ಪಕ್ಕಪರದೆಗಳನ್ನು ಹೊತ್ತ ಚೌಕಟ್ಟುಗಳು ನಿಂತಿರುವುವು. ಈ ಚೌಕಟ್ಟುಗಳ ಕಾಲುಗಳು ನೆಲದ ಸೀಳುಗಳ ಮೂಲಕ ಕೆಳಗಿಳಿದು, ನೆಲಮಾಳಿಗೆಯಲ್ಲಿ ಹಳಿಗಳ ಮೇಲೆ ಓಡುವ ಚಿಕ್ಕ ಬಂಡಿಗಳಿಗೆ ಸೇರಿವೆ. ಆ ಬಂಡಿಗಳೆಲ್ಲವನ್ನೂ ಹಗ್ಗಗಳು ಒಂದು ದೊಡ್ಡ ಮರದ ರಾಟೆಗೆ ಬಿಗಿದಿರುವುವು. ಹಡಗಿನವರು ಲಂಗರನ್ನೆತ್ತಲು ನಾಲ್ಕಾರು ಮಂದಿ ಸುತ್ತಲೂ ನಿಂತು ತಿರುಗಿಸುವ ರಾಟೆಯಿದೆಯಷ್ಟೆ, ಅದೇ ಇದು. ಆಳುಗಳು ಅದನ್ನು ತಿರುಗಿಸಿದರೆ ಮೇಲೆ ಹಳೆಯ ಪಕ್ಕಪರದೆಗಳು ಹಿಂದಕ್ಕೆ ಸರಿಯುವುದೂ, ಹೊಸವು ಮುಂದಕ್ಕೆ ಬರುವುದೂ ಏಕಕಾಲದಲ್ಲಿ ನಡೆದು, ಕೆಲವೇ ಕ್ಷಣಗಳಲ್ಲಿ ಅರಣ್ಯವಿದ್ದೆಡೆಯಲ್ಲಿ ಅರಮನೆಯಾಗುವುದು. ಅಂಕದ ಪರದೆಯನ್ನು ಬಿಡುವುದಿಲ್ಲ. ಪ್ರೇಕ್ಷಕರ ಕಣ್ಣೆದುರಿಗೇ ಈ ಪರಿವರ್ತನೆ. ನಮ್ಮ ಕಂಪನಿ ನಾಟಕಗಳಲ್ಲಿ ‘ಟ್ರಾನ್ಸ್‌ಫರ್ ಸೀನು’ ಎಂದು ಪ್ರಕಟನಪತ್ರಿಕೆಗಳಲ್ಲಿ ದಪ್ಪಕ್ಷರಗಳಿಂದ ಅಚ್ಚು ಹಾಕಿಸುತ್ತಿದ್ದ ಚಮತ್ಕಾರವು ಐರೋಪ್ಯ ರಂಗದಿಂದ ಪಾರ್ಸಿ ಮಂಡಲಿಗಳ ಮೂಲಕ ಕನ್ನಡ ನಾಡಿಗೆ ಬಂದ ಇದೇ ವಿದ್ಯೆಯ ಸಂತಾನ.

ಗುಡುಗಿಗೆ ಕಲ್ಲುಗಳನ್ನು ತುಂಬಿದ ಒಂದು ಮರದ ಪೆಟ್ಟಿಗೆ. ಮೇಲಂತಸ್ತಿನಲ್ಲಿರುವ ಅದನ್ನು ಹಗ್ಗದಿಂದ ಓಲಾಡಿಸಿದರೆ ಮನೆಯೆಲ್ಲ ನಡುಗುವ ಶಬ್ದ. ಗಾಳಿಗೆ ಪಟ್ಟಿಗಳನ್ನು ಜಡಿದ ಒಂದು ಮರದ ಉರುಳೆ, ಅದರ ಮೇಲೆ ಬಿಗಿದ ಒರಟು ಬಟ್ಟೆ. ತಿರುಗಿಸಿದ ವೇಗಕ್ಕೆ ತಕ್ಕಂತೆ ಮಂದಾನಿಲವೂ ಬಿರುಗಾಳಿಯೂ. ಸಮುದ್ರವೋ, ಸುರುಳಿಯಾಗಿ ಕೊರೆದು ನೀಲಿಬಣ್ಣ ಬಳಿದ ಉದ್ದುದ್ದ ಕಂಬಗಳ ಸಾಲು; ಅವು ಮಲಗಿದಂತೆಯೇ ತಿರುಗುವಾಗ ಅಲೆಗಳು ಒಂದರ ಬೆನ್ನಟ್ಟಿ ಒಂದು ಬರುವಂತೆ ಕಾಣುವುವು. ಮೋಡದ ಮೇಲೆ ಕುಳಿತು ದೇವತೆಗಳು ಇಳಿಯುವ ವಾಹನವುಂಟು. ಭೂತಗಳು ನೆಲದಿಂದೇಳುವ ಬಾಗಿಲುಗಳುಂಟು. ರಂಗದ ಅಂಚಿನ ದೀಪಗಳನ್ನು ನೆಲದೊಳಕ್ಕೆ ಇಳಿಸಿ ಕತ್ತಲೆ ಮಾಡುವ ಉಪಾಯವೂ ಉಂಟು. ಇವೆಲ್ಲವೂ ಮರ, ಹಗ್ಗ, ಬಟ್ಟೆ, ಮನುಷ್ಯರ ತೋಳು, ಅನ್ಯಶಕ್ತಿಯಿಲ್ಲ. ಯಂತ್ರಗಳೊಡನೆ ಹದಿನೆಂಟನೆಯ ಶತಮಾನದಲ್ಲಿ ಬರೆದ ದೃಶ್ಯಪಟಗಳೂ ಸುಮಾರು 30 ದೃಶ್ಯಗಳಿಗಾಗುವಷ್ಟು ಉಳಿದುಕೊಂಡಿವೆ.

ಇಂತಹ ಶಾಲೆಯಲ್ಲಿ ಕುಳಿತು ನೋಡುತ್ತಿದ್ದವರು ಯಾರು? ಇದು ನಮ್ಮ ವಿಷಯಕ್ಕೆ ಮುಖ್ಯ. ಹಣ ಕೊಟ್ಟು ಬರುವ ನಾಗರಿಕರಿಗಾಗಿ ಕಟ್ಟಿದ ಮನೆ ಇದಲ್ಲ. ರಾಜರಾಣಿಯರ ಆಸನಗಳು ರಂಗದ ಎದುರಿಗೆ, ಎಲ್ಲರಿಗಿಂತ ಮುಂದೆ. ಅವರ ಹಿಂದೆ ಅಂತಸ್ತಿಗೆ ತಕ್ಕಂತೆ ಮಂತ್ರಿಗಳು, ರಾಯಭಾರಿಗಳು, ಅಧಿಕಾರಿಗಳು, ಕೊಟ್ಟಕೊನೆಯಲ್ಲಿ ಪರಿಚಾರಕರು. ಯಾವ ಬೆಂಚು ಯಾವ ವರ್ಗದವರಿಗೆಂಬ ಬರಹಗಳು ಇಂದಿಗೂ ಅಲ್ಲಿ ಕಾಣುತ್ತವೆ. ಭರತನೂ ನಾಲ್ಕು ವರ್ಣಗಳ ಹೆಸರಿನ ಸ್ತಂಭಗಳನ್ನು ನಿಲ್ಲಿಸಬೇಕೆನ್ನುತ್ತಾನಾದುದರಿಂದ ನಾವು ಇದನ್ನು ಕಂಡು ಹುಬ್ಬೇರಿಸಬೇಕಾಗಿಲ್ಲ. ಒಟ್ಟಿನಲ್ಲಿ ಈ ನಾಟ್ಯಶಾಲೆಯು ಹುಟ್ಟಿನಿಂದಲೇ ಖಾಸಗಿ ಸಮಾರಂಭದ ಸ್ಥಾನ. ಒಂದು ಮನೆಯ ಒಡತಿಯು ತನ್ನ ಅತಿಥಿಗಳಿಗಾಗಿ ಕಟ್ಟಿಸಿದ ಮನೋರಂಜನಶಾಲೆ. ‘ಇದು ಸಾರ್ವಜನಿಕರ ಸ್ವತ್ತು, ಖಾಸಗಿಯವರಿಗೆ ಕೊಟ್ಟರೆ ಅಪಚಾರ’ ಎನ್ನುವವರು ಈ ಸಂಗತಿಯನ್ನು ಮೊದಲು ಅರಿತಿರಬೇಕು. ಆದರೆ ಇದರಿಂದಲೇ ಬಾಡಿಗೆಯ ಪಕ್ಷವು ಗೆದ್ದಿತೆಂದೂ ಅಲ್ಲ. ಲೊವಿಸಾ ಉಲ್ರಿಕಾಳ ಅತಿಥಿಗಳು ಬರುತ್ತಿದ್ದುದು ನಾಟಕವನ್ನು ನೋಡಲು. ಆ ಉತ್ಸವದ ನಡುವೆ ನಾಟಕವಿದ್ದಿತು. ನಾಟಕಕ್ಕೆ ಬೆನ್ನು ಹಾಕಿ ಊಟ ಮಾಡಲು ಯಾರೂ ಬರುತ್ತಿರಲಿಲ್ಲ.

1771ರಲ್ಲಿ ಅಡೋಲ್ಫ್ ಫ್ರೆಡ್ರಿಕನು ತೀರಿಕೊಳ್ಳಲು ಮಗನಾದ ಮೂರನೆಯ ಗುಸ್ತಾವನು ಪಟ್ಟಕ್ಕೆ ಬಂದನು. ಬಂದವನೇ ಫ್ರೆಂಚ್ ನಟವರ್ಗವನ್ನು ಕಳುಹಿಸಿಬಿಟ್ಟನು. ಅವನಿಗೆ ಬೇಕಾಗಿದ್ದುದು ಸ್ವದೇಶಭಾಷೆಯ ನಾಟಕ. 1773ರಲ್ಲಿ ಸ್ವೀಡಿಷ್ ಭಾಷೆಯ ಗೀತನಾಟಕಸಂಸ್ಥೆಯನ್ನೂ, 1788ರಲ್ಲಿ ಮಾತಿನ ನಾಟಕಗಳಿಗಾಗಿ ಇನ್ನೊಂದು ರಾಜಸಂಸ್ಥೆಯನ್ನೂ ಸ್ಥಾಪಿಸಿದನು. ಸ್ವತಃ ನಾಟಕಗಳನ್ನು ಬರೆದನು. ವೇಷ ಹಾಕಿ ಆಡಿದನು. ಅರಸನಾದವನು ಬಣ್ಣ ಹಚ್ಚುವುದು ತರವೇ ಎಂದು ಆಸ್ಥಾನಿಕರು ಗೊಣಗಿಕೊಂಡರೂ, ಒಂದು ಭಾಷೆಯ ರಂಗಭೂಮಿಗೆ ಅವನಿಂದಾದಷ್ಟು ಉಪಕಾರ ಬೇರೆ ದೊರೆಗಳಿಂದ ಆದುದು ಅಪೂರ್ವ. ತಾಯಿಯು 1777ರಲ್ಲಿ ಡ್ರಾಟ್ನಿಂಗ್‌ಹೋಲ್ಮನ್ನು ರಾಜ್ಯಕ್ಕೆ ಕ್ರಯಕ್ಕೆ ಕೊಟ್ಟಳು. ಹೀಗೆ ಉಡುಗೊರೆಯಾಗಿ ಬಂದ ಖಾಸಗಿ ಸ್ವತ್ತು ರಾಜ್ಯದ ಸ್ವತ್ತಾಯಿತು. ಅದರ ಭೋಗವು ಮಗನ ಪಾಲಿಗೆ ಬಂದಿತು. ನಾಟ್ಯಶಾಲೆಯ ಉಚ್ಛ್ರಾಯಕಾಲವು ಇದೇ. ಇದೇ ಸರೋವರದ ಇನ್ನೊಂದು ದಂಡೆಯಲ್ಲಿರುವ ಗ್ರಿಪ್ಸ್‌ಹೋಲ್ಮ್ ಕೋಟೆಯ ಗುಂಡುಬುರುಜಿನೊಳಗೂ ಅವನು ಒಂದು ಚಿಕ್ಕ ನಾಟ್ಯಶಾಲೆಯನ್ನು ಮಾಡಿಸಿದನು. ಅದೂ ಉಳಿದಿದೆ, ಅದರ ಕಥೆ ಬೇರೆ.

1791ರಲ್ಲಿ ಗುಸ್ತಾವನು ಡ್ರಾಟ್ನಿಂಗ್‌ಹೋಲ್ಮ್ ನಾಟ್ಯಶಾಲೆಗೆ ಒಂದು ಹೊಸ ಅಂಗವನ್ನು ಸೇರಿಸಿದನು. ಲೂಯಿ ಜಾಂ ಡೆಪ್ರೆ ಎಂಬ ಫ್ರೆಂಚ್ ಚಿತ್ರಕಾರನೂ ಶಿಲ್ಪಿಯೂ ಆದವನು, ಉದ್ಯಾನದ ಕಡೆಗೆ ತೆರೆದಿರುವ ಒಂದು ವಿಶಾಲವಾದ ಸಭಾಶಾಲೆಯನ್ನು ಕಟ್ಟಿದನು. ಅದಕ್ಕೆ ಉಪಾಹಾರಶಾಲೆ ಎಂಬರ್ಥದ ಹೆಸರು. ನಾಟಕದ ಮುನ್ನ ಹಿನ್ನೆ ಅತಿಥಿಗಳು ನೆರೆದು ಮಾತನಾಡುವುದಕ್ಕೂ ಉಣ್ಣುವುದಕ್ಕೂ ಅದು. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಟ್ಟಿಸಿದವನೇ ಊಟಕ್ಕೊಂದು ಮನೆ, ಆಟಕ್ಕೊಂದು ಮನೆ ಎಂದು ವಿಭಾಗ ಮಾಡಿಟ್ಟನು.

ಮರುವರ್ಷವೇ ಅನಾಹುತವಾಯಿತು. 1792ರ ಮಾರ್ಚ್ 16ರ ರಾತ್ರಿ ಸ್ಟಾಕ್‌ಹೋಮ್ ನಗರದ ಗೀತನಾಟಕಮಂದಿರದಲ್ಲಿ ಮುಖವಾಡದ ನರ್ತನೋತ್ಸವ. ನಾಟ್ಯಶಾಲೆಯನ್ನೇ ಆ ರಾತ್ರಿಯ ಮಟ್ಟಿಗೆ ನರ್ತನಶಾಲೆಯಾಗಿ ಮಾರ್ಪಡಿಸಿದ್ದರು. ಭೋಜನದ ಹೊತ್ತಿನಲ್ಲಿ ಅರಸನಿಗೆ ಎಚ್ಚರಿಕೆಯ ಅನಾಮಧೇಯ ಪತ್ರವೊಂದು ಬಂದಿತು, ಅವನು ಲಕ್ಷಿಸಲಿಲ್ಲ. ಮುಖವಾಡಗಳ ಗುಂಪಿನಲ್ಲಿ ಆಂಕರ್‌ಸ್ಟ್ರಮ್ ಎಂಬ ಸರದಾರನು ಹಿಂದಿನಿಂದ ಬಂದು ಪಿಸ್ತೂಲು ಹಾರಿಸಿದನು. ಹದಿಮೂರು ದಿನ ನರಳಿ ಮಾರ್ಚ್ 29ರಲ್ಲಿ ಅರಸನು ಅಸುನೀಗಿದನು. ಇಟಲಿಯ ವೆರ್ದಿಯು ಮುಂದೆ 1859ರಲ್ಲಿ ಇದೇ ಕಥೆಯನ್ನು ಗೀತನಾಟಕ ಮಾಡಿದುದು ಸಂಗೀತಾಭಿಮಾನಿಗಳಿಗೆ ತಿಳಿದ ವಿಷಯ.

ಆ ನಗರಮಂದಿರವನ್ನು 1782ರಲ್ಲಿ ಕಟ್ಟಿದವನೂ ನಮ್ಮ ಆಡೆಲ್‌ಕ್ರಾಂಟ್ಸನೇ. ಒಬ್ಬ ಶಿಲ್ಪಿಯ ಎರಡು ನಾಟ್ಯಶಾಲೆಗಳು, ಒಬ್ಬ ಅರಸನ ಕಾಲ. ನಗರದ್ದು ನೂರು ವರ್ಷಗಳ ಮೇಲೆ ಬಳಕೆಯಾಯಿತು. ಕಾಲಕಾಲಕ್ಕೆ ಜನಗಳ ಅಭಿರುಚಿಗೆ ತಕ್ಕಂತೆ ಸೇವೆ ಸಲ್ಲಿಸಿತು. ಕಡೆಗೆ ಹಳೆಯದಾಯಿತೆಂದು 1892ರಲ್ಲಿ ಕೆಡವಿ, ಆ ಸ್ಥಳದಲ್ಲಿ ಬೇರೊಂದನ್ನು ಎಬ್ಬಿಸಿದರು. ಸರೋವರದ ದಂಡೆಯದ್ದಕ್ಕೆ ಅರಸನ ಮರಣಾನಂತರ ಕೇಳುವವರಿಲ್ಲವಾಯಿತು. ಅಪೂರ್ವವಾಗಿ ಎಂದೋ ಒಮ್ಮೆ ಬಾಗಿಲು ತೆಗೆದುದುಂಟೇ ಹೊರತು, ಮಿಕ್ಕ ಕಾಲವೆಲ್ಲ ಅದು ಅರಮನೆಯ ಬೇಡದ ಸಾಮಾನುಗಳನ್ನು ಒಟ್ಟುವ ಉಗ್ರಾಣ. ಗ್ಯಾಸ್‌ದೀಪಗಳ ಕಾಲ ಬಂದಿತು, ಹೋಯಿತು. ಇಲ್ಲಿ ಕೊಳವೆ ಹಾಕಿಸಬೇಕೆಂದು ಯಾರಿಗೂ ತೋರಲಿಲ್ಲ. ಕಬ್ಬಿಣದ ಯಂತ್ರಗಳು ಬಂದುವು. ಸ್ಟೊಪಾನಿಯ ಮರದ ರಾಟೆಯನ್ನು ಕಿತ್ತೆಸೆಯುವ ಪ್ರಸಕ್ತಿ ಬರಲಿಲ್ಲ. ಬಳಸಿದ ಮನೆ ಹೋಯಿತು, ಬಳಸದ ಮನೆ ಉಳಿಯಿತು ಎಂಬ ಈ ಸಂಗತಿ ಕಹಿಯಾದರೂ ನಿಜ. ಬಾಡಿಗೆಯ ವಿರೋಧಪಕ್ಷಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ದೊರೆಯಲಾರದು.

ಆದರೂ ಉಗ್ರಾಣವಾಗಿ ಉಳಿಯುವುದು ಉಳಿಯುವುದೇ? 1921ರಲ್ಲಿ ರಾಜಗ್ರಂಥಾಲಯದ ಆಗ್ನೆ ಬೇಯರ್ ಎಂಬ ತರುಣ ವಿದ್ವಾಂಸನು ಯಾವುದೋ ಒಂದು ಚಿತ್ರಪಟವನ್ನು ಹುಡುಕುತ್ತ ಈ ಕಟ್ಟಡದೊಳಕ್ಕೆ ಬಂದನು. ಮೊಣಕೈ ಮುಳುಗುವಂತೆ ಧೂಳು. ಧೂಳಿನ ಕೆಳಗೆ ಸಕಲವೂ ಇಟ್ಟದ್ದು ಇಟ್ಟಂತೆ ಇದ್ದಿತು. ರಾಟೆ, ಬಂಡಿ, ಅಲೆಗಳು, ಗುಡುಗಿನ ಪೆಟ್ಟಿಗೆ, ಪಕ್ಕಪರದೆಗಳು ಎಲ್ಲವನ್ನೂ ಕಂಡನು. ಕಟ್ಟಡದ ಸುತ್ತಲೂ ನಟರು ವಾಸವಾಗಿದ್ದ ಕೋಣೆಗಳಲ್ಲಿ ಗೋಡೆಗೆ ಅಂಟಿಸಿದ್ದ ಹದಿನೆಂಟನೆಯ ಶತಮಾನದ ಬಣ್ಣದ ಕಾಗದಗಳು ಕೂಡ ಇದ್ದುವು. ಹುಡುಕಲು ಬಂದ ಚಿತ್ರಪಟವನ್ನು ಮರೆತು ಅವನು ಈ ಶಾಲೆಗೇ ತನ್ನ ಆಯುಷ್ಯವನ್ನು ಕೊಟ್ಟನೆನ್ನಬಹುದು. ಅವನ ವಿವೇಕವು ಮೆಚ್ಚತಕ್ಕುದು. ಹೊಸದಾಗಿ ಬಣ್ಣ ಬಳಿಯಿಸಲಿಲ್ಲ; ಸುಂದರಗೊಳಿಸಲು ಹೋಗಲಿಲ್ಲ. ಧೂಳನ್ನು ಒರಸಿಸಿದನು. ಜೀರ್ಣವಾದ ಹಗ್ಗಗಳಿಗೆ ಬದಲಾಗಿ ಅಂತಹುದೇ ಹೊಸ ಹಗ್ಗಗಳನ್ನು ಹಾಕಿಸಿದನು. ಅಗ್ನಿಭಯಕ್ಕಾಗಿ ಮೇಣದಬತ್ತಿಗಳನ್ನು ಬಿಟ್ಟು ವಿದ್ಯುದ್ದೀಪಗಳನ್ನು ಇಡಿಸಿದನು. 1922ರ ಆಗಸ್ಟ್ 19ರಲ್ಲಿ ಬಾಗಿಲು ತೆರೆಯಿತು, ರಾಟೆ ತಿರುಗಿತು.

ಅಂದಿನಿಂದ ಬೇಸಗೆಯ ತಿಂಗಳುಗಳಲ್ಲಿ ಅಲ್ಲಿ ಗೀತನಾಟಕಗಳು ನಡೆದು ಬಂದಿವೆ. ಹದಿನೇಳು ಹದಿನೆಂಟನೆಯ ಶತಮಾನಗಳ ಕೃತಿಗಳಿಗೇ ಅಲ್ಲಿ ಪ್ರಾಶಸ್ತ್ಯ. ವಾದ್ಯಗಳೂ ಆ ಕಾಲದ ಮಾದರಿಯವು. ದೀಪಗಳು ವಿದ್ಯುತ್ತಿನವೇ ಆದರೂ ಮೇಣದಬತ್ತಿಯಂತೆ ಮಿಣುಕುವುವು. 1991ರಲ್ಲಿ ಅರಮನೆ, ನಾಟ್ಯಶಾಲೆ, ಚೀನೀ ಮಂಟಪ, ಉದ್ಯಾನ ಇವೆಲ್ಲವನ್ನೂ ಒಟ್ಟಾಗಿ ಯುನೆಸ್ಕೋ ಸಂಸ್ಥೆಯವರು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಸ್ವೀಡನ್ ದೇಶದಿಂದ ಆ ಪಟ್ಟಿಗೆ ಮೊದಲು ಸೇರಿದುದು ಇದೇ. ಅರಮನೆಯ ದಕ್ಷಿಣಭಾಗದಲ್ಲಿ 1981ರಿಂದ ರಾಜಕುಟುಂಬವು ವಾಸವಾಗಿದೆ.

ಇನ್ನು ಹಣದ ಲೆಕ್ಕಕ್ಕೆ ಬರೋಣ. ಕಟ್ಟಡಕ್ಕೆ ಶೀತಕಾಲದಲ್ಲಿ ಬೆಚ್ಚಗೆ ಮಾಡುವ ಸಾಧನವಿಲ್ಲ. ಇಡಕೂಡದು ಕೂಡ, ಏಕೆಂದರೆ ಒಣ ಶಾಖಕ್ಕೆ ಮರವು ಸೀಳುವುದು. ಆಟಗಳು ನಾಲ್ಕೈದು ತಿಂಗಳು ಮಾತ್ರ. ಕಾವಲು, ದುರಸ್ತು, ಕುಶಲಿಗಳ ಸಂಬಳ ವರ್ಷವಿಡೀ. ಆಸನಗಳು ನಾನೂರು, ಪ್ರತಿಯೊಂದು ಆಟಕ್ಕೂ ವಾದ್ಯವೃಂದ, ಗಾಯಕರು, ಹಗ್ಗವೆಳೆಯುವ ಆಳುಗಳು. ಚೀಟಿಗಳ ಬೆಲೆಯನ್ನು ಎಷ್ಟು ಏರಿಸಿದರೂ ಈ ಲೆಕ್ಕ ಕೂಡುವುದಿಲ್ಲವೆಂದು ಗಣಿತವನ್ನು ಮರೆತವರೂ ಹೇಳಬಲ್ಲರು. ಸರ್ಕಾರದ ದ್ರವ್ಯ, ದಾನಿಗಳ ಔದಾರ್ಯ, ಬಾಡಿಗೆ ಎಂಬ ಮೂರೇ ದಾರಿಗಳು ಇಂತಹ ಮನೆಗಳಿಗೆ ಎಲ್ಲೆಡೆಯಲ್ಲಿಯೂ ಉಳಿಯುವುದು. ಮೊದಲನೆಯದು ಮಂತ್ರಿಮಂಡಲದೊಡನೆ ಬದಲಾಗುವುದು. ಎರಡನೆಯದು ದಾನಿಯ ಆಯುಸ್ಸಿನೊಡನೆ ಮುಗಿಯುವುದು. ಆದುದರಿಂದ ಬಾಡಿಗೆಯನ್ನು ಕೇಳಿದ ಮಾತ್ರಕ್ಕೆ ಕಿವಿ ಮುಚ್ಚಿಕ್ಕೊಳ್ಳುವವರೊಡನೆ ನನಗೆ ಸಹಮತವಿಲ್ಲ. ಕೇಳಬೇಕಾದುದು ಯಾವ ಭಾಗವನ್ನು, ಯಾವ ಕಾರ್ಯಕ್ಕೆ, ಯಾವ ಕಟ್ಟಳೆಯ ಮೇಲೆ ಎಂಬುದನ್ನು.

ಇದಕ್ಕೆ ಉತ್ತಮವಾದ ಒಂದು ನಿದರ್ಶನವು ಈ ಶಾಲೆಯ ಚರಿತ್ರೆಯಲ್ಲಿಯೇ ಇದೆ. ಇಂಗ್ಮಾರ್ ಬರ್ಗ್‌ಮನ್ ಎಂಬ ಜಗತ್ಪ್ರಸಿದ್ಧನಾದ ಸ್ವೀಡಿಷ್ ನಿರ್ದೇಶಕನು ಮೊಜಾರ್ಟನ ‘ಮಾಂತ್ರಿಕ ಕೊಳಲು’ ಗೀತನಾಟಕವನ್ನು ಚಲಚ್ಚಿತ್ರವಾಗಿ ತೆಗೆಯಬೇಕೆಂದು ಬಯಸಿದನು. ಡ್ರಾಟ್ನಿಂಗ್‌ಹೋಲ್ಮ್ ರಂಗದ ಮೇಲೆಯೇ ಅದು ನಡೆಯಬೇಕೆಂಬುದು ಅವನ ಕನಸು. ಕೇಳಿದವನು ಸಾಮಾನ್ಯನಲ್ಲ, ಕಾರ್ಯವೂ ರಂಗಕ್ಕೆ ಹೊರತಾದುದಲ್ಲ, ಅದಕ್ಕಿಂತ ಯೋಗ್ಯವಾದ ಬಳಕೆ ಬೇರೊಂದು ಇರಲಾರದು. ಆದರೂ ಅಲ್ಲಿನ ಸಾಧನಗಳು ಚಿತ್ರೀಕರಣದವರ ಓಡಾಟ, ಭಾರ, ದೀಪಗಳು ಇವುಗಳನ್ನು ತಾಳಲಾರವೆಂದು ನಿಶ್ಚಯವಾಗಿ, ಆ ಯೋಚನೆಯನ್ನು ಬಿಡಬೇಕಾಯಿತು. ಪಕ್ಕಪರದೆಗಳು, ಯಂತ್ರಗಳು ಸಹಿತವಾಗಿ ಇಡೀ ರಂಗದ ಪ್ರತಿಕೃತಿಯನ್ನು ಸ್ವೀಡಿಷ್ ಚಲಚ್ಚಿತ್ರ ಸಂಸ್ಥೆಯ ಚಿತ್ರಶಾಲೆಯಲ್ಲಿ ಕಟ್ಟಿ ಚಿತ್ರವನ್ನು ತೆಗೆದರು. 1975ರ ಜನವರಿ 1ರಲ್ಲಿ ಅದು ಆ ದೇಶದ ದೂರದರ್ಶನದಲ್ಲಿ ಪ್ರಸಾರವಾಯಿತು. ನೋಡಿದವರು ಡ್ರಾಟ್ನಿಂಗ್‌ಹೋಲ್ಮಿನಲ್ಲಿಯೇ ಕುಳಿತಂತೆ ಆನಂದಿಸಿದರು; ಅಸಲು ರಂಗಕ್ಕೆ ಒಂದು ಗೀರೂ ಬೀಳಲಿಲ್ಲ.

ಇದಕ್ಕೆ ಪ್ರತಿಯಾಗಿ ಪ್ರಾಗ್ ನಗರದ ನಾಟ್ಯಶಾಲೆಯನ್ನು ನೋಡಬಹುದು. 1787ರಲ್ಲಿ ಮೊಜಾರ್ಟನ ‘ಡಾನ್ ಜೊವಾನಿ’ ಮೊದಲು ಪ್ರಯೋಗವಾದುದು ಅಲ್ಲಿಯೇ. ಮಿಲೋಷ್ ಫೋರ್ಮನ್ನನ ‘ಅಮೆಡಿಯಸ್’ ಎಂಬ ಚಿತ್ರಕ್ಕಾಗಿ ಆ ಶಾಲೆಯನ್ನು ಬಿಟ್ಟುಕೊಟ್ಟರು. ಚಿತ್ರವು 1984ರಲ್ಲಿ ಹೊರಬಂದಿತು. ನಿಜವಾದ ಮೇಣದಬತ್ತಿಗಳನ್ನು ಹೊತ್ತಿಸಿ ಚಿತ್ರೀಕರಿಸಿದರು. ಅಗ್ನಿಶಾಮಕದವರು ಅಲ್ಲಿಯೇ ಕಾದು ನಿಂತಿದ್ದರು. ದೈವವಶಾತ್ ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬುದರಿಂದ ಆ ತೀರ್ಮಾನವು ಸರಿಯಾಗಿದ್ದಿತೆಂದು ನಾನು ಒಪ್ಪಲಾರೆ.

ನೀರು ಪಕ್ಕದಲ್ಲಿಯೇ ಇರುವುದರಿಂದ ಬೆಂಕಿಯ ಭಯವಿಲ್ಲವೆಂದು ಕೆಲವರು ವಾದಿಸಬಹುದು. ವೆನಿಸ್ ನಗರದ ಲಾ ಫೆನೀಚೆ ನಾಟ್ಯಶಾಲೆಗಿಂತ ನೀರಿಗೆ ಹತ್ತಿರವಾದುದು ಯಾವುದುಂಟು? ಸುತ್ತಲೂ ಕಾಲುವೆಗಳೇ. 1836ರಲ್ಲಿ ಒಮ್ಮೆ ಸುಟ್ಟು, ಪುನಃ ಕಟ್ಟಲ್ಪಟ್ಟ ಆ ಶಾಲೆಯಲ್ಲಿ 1996ರ ಜನವರಿಯಲ್ಲಿ ದುರಸ್ತಿ ನಡೆಯುತ್ತಿದ್ದಿತು. ವಿದ್ಯುತ್ತಿನ ಕೆಲಸವನ್ನು ಗುತ್ತಿಗೆ ಹಿಡಿದಿದ್ದ ಇಬ್ಬರು, ಕೆಲಸ ತಡವಾದುದಕ್ಕೆ ದಂಡ ತೆರಬೇಕಾದೀತೆಂದು ಅಂಜಿ, ತಾವೇ ಬೆಂಕಿಯಿಟ್ಟರು. ಅದೇ ಸಮಯದಲ್ಲಿ ಹತ್ತಿರದ ಕಾಲುವೆಗಳನ್ನು ಹೂಳೆತ್ತುವ ಸಲುವಾಗಿ ಬರಿದು ಮಾಡಿದ್ದುದರಿಂದ ಅಗ್ನಿಶಾಮಕದವರಿಗೆ ನೀರು ಸುಲಭವಾಗಿ ಸಿಕ್ಕಲಿಲ್ಲ. ಗೋಡೆಗಳು ಮಾತ್ರ ನಿಂತುವು. ಹಳೆಯ ಚಿತ್ರಗಳನ್ನೂ ನಕ್ಷೆಗಳನ್ನೂ ನೋಡಿ ಮರಳಿ ಕಟ್ಟಿ 2003ರಲ್ಲಿ ತೆರೆದರು. ಹೊಸದು ಹಳೆಯದರಂತೆಯೇ ಇದೆ, ಹಳೆಯದಲ್ಲ.

ಭರತಮುನಿಯ ಮೊದಲ ಅಧ್ಯಾಯದಲ್ಲಿ ಒಂದು ಕಥೆಯುಂಟು. ಇಂದ್ರಧ್ವಜೋತ್ಸವದಲ್ಲಿ ಮೊದಲ ನಾಟಕವು ನಡೆಯುವಾಗ ವಿಘ್ನಗಳೆಂಬ ಭೂತಗಳು ಬಂದು ನಟರ ಮಾತು, ಚೇಷ್ಟೆ, ಸ್ಮೃತಿಗಳನ್ನು ಸ್ತಂಭನಗೊಳಿಸಿದುವು. ಆಗ ಬ್ರಹ್ಮನು ವಿಶ್ವಕರ್ಮನನ್ನು ಕರೆದು ನಾಟ್ಯಗೃಹವನ್ನು ನಿರ್ಮಿಸೆಂದು ಆಜ್ಞಾಪಿಸಿ, ಅದರ ಒಂದೊಂದು ಭಾಗಕ್ಕೆ ಒಬ್ಬೊಬ್ಬ ದೇವತೆಯನ್ನು ಕಾವಲಿಟ್ಟನು. ನಾಟಕವನ್ನು ಕಾಯುವುದಕ್ಕಾಗಿ ಮನೆ ಹುಟ್ಟಿತೆಂಬುದು ಈ ಕಥೆಯ ತಾತ್ಪರ್ಯ. ಡ್ರಾಟ್ನಿಂಗ್‌ಹೋಲ್ಮಿನಂತಹ ಸ್ಥಾನದಲ್ಲಿ ಮನೆಯನ್ನೇ ಕಾಯಬೇಕಾದ ಕಾಲ ಬಂದಿದೆ. ವಿಘ್ನಗಳೂ ಬೇರೆಯ ರೂಪದಲ್ಲಿ ಬರುತ್ತವೆ. ಕೈಯಲ್ಲಿ ಪಾನೀಯದ ಬಟ್ಟಲನ್ನು ಹಿಡಿದ ಅತಿಥಿ, ಹೂವಿನ ತೋರಣ ಕಟ್ಟಲು ಮೊಳೆ ಹುಡುಕುವ ಅಲಂಕಾರದವನು, ಗೋಡೆ ಅದುರುವಂತೆ ಧ್ವನಿವರ್ಧಕವನ್ನಿಡುವ ಸಂಗೀತಗಾರ. ಯಾರೂ ದುಷ್ಟರಲ್ಲ. ಆದರೆ ಆ ದೃಶ್ಯಪಟಗಳು ಅಂಟಿನ ನೀರಿನಲ್ಲಿ ಕಲಸಿದ ಬಣ್ಣದಿಂದ ಬರೆದವು. ಒಂದು ಬಟ್ಟಲು ನೀರು ಚೆಲ್ಲಿದರೆ ಮೋಡ ಕರಗುವುದು. ನಾನೂರು ಮಂದಿಯ ಉಸಿರಿನ ತೇವವೇ ಅವಕ್ಕೆ ಶತ್ರು. ಆಟದ ಸಲುವಾಗಿ ಅದನ್ನು ಸಹಿಸಬೇಕು, ಊಟದ ಸಲುವಾಗಿ ಸಹಿಸಬೇಕಾಗಿಲ್ಲ.

ಆದುದರಿಂದ ನನ್ನ ಅಭಿಪ್ರಾಯವು ಇಷ್ಟು. 1791ರ ಉಪಾಹಾರಶಾಲೆಯಂತಹ ಭಾಗವು ಜನರು ಕೂಡಿ ಉಣ್ಣುವುದಕ್ಕೆಂದೇ ಹುಟ್ಟಿದುದು. ಅದನ್ನು ಯೋಗ್ಯರಾದ ಗೃಹಸ್ಥರ ವಿವಾಹಕ್ಕೋ ಔತಣಕ್ಕೋ ಕೊಟ್ಟರೆ ಗುಸ್ತಾವನ ಸಂಕಲ್ಪಕ್ಕೆ ವಿರೋಧವಿಲ್ಲ. ಉದ್ಯಾನವನ್ನೂ ಸರೋವರದ ದಂಡೆಯನ್ನೂ ಹಾಗೆಯೇ. 1766ರ ಪ್ರೇಕ್ಷಾಗೃಹಕ್ಕೆ ಮಾತ್ರ ನಾಟಕಸಂಗೀತಗಳಿಗಲ್ಲದೆ ಬೇರೊಂದು ಕಾರ್ಯಕ್ಕೆ ಪ್ರವೇಶವಿರಕೂಡದು. ಬಾಡಿಗೆ ಹಿಡಿದವರು ತಮ್ಮ ಅತಿಥಿಗಳಿಗೆ ಅದನ್ನು ತೋರಿಸಬೇಕೆಂದರೆ, ಒಂದು ಚಿಕ್ಕ ಗೀತನಾಟಕವನ್ನು ಆಡಿಸಲಿ. ಆ ಖರ್ಚನ್ನು ಅವರೇ ಹೊರಲಿ. ಲೊವಿಸಾ ಉಲ್ರಿಕಾಳೂ ಹಾಗೆಯೇ ಮಾಡುತ್ತಿದ್ದಳು. ಜ್ವಾಲೆ ಯಾವುದೂ ಕೂಡದು, ಮಂಗಳಾರತಿಯ ಕರ್ಪೂರವಾದರೂ ಸರಿ. ಶಾಲೆಯ ಕುಶಲಿಯೊಬ್ಬನು ಆದಿಯಿಂದ ಅಂತ್ಯದವರೆಗೂ ಜೊತೆಯಲ್ಲಿರಬೇಕು. ಅವನು ಬೇಡವೆಂದರೆ ಯಜಮಾನನ ಮಾತೂ ನಡೆಯಕೂಡದು. ಠೇವಣಿಯನ್ನು ಭಾರಿಯಾಗಿ ಹಿಡಿದರೆ ಸಾಲದೇ ಎಂದು ಕೇಳುವವರುಂಟು. ಮುರಿದ ಕುರ್ಚಿಗೆ ಠೇವಣಿಯಿಂದ ಬೇರೆ ಕುರ್ಚಿ ಕೊಳ್ಳಬಹುದು. ಸ್ಟೊಪಾನಿಯ ಕೈಕೆಳಗೆ ಕೆತ್ತಿದ ಅಲೆಯ ಕಂಬವು ಯಾವ ಅಂಗಡಿಯಲ್ಲಿಯೂ ದೊರೆಯದು.

ಇದಕ್ಕೂ ಕಠಿನವಾದ ಮಾರ್ಗವನ್ನು ಹಿಡಿದವರೂ ಉಂಟು. ಬೊಹೀಮಿಯಾ ದೇಶದ ಚೆಸ್ಕಿ ಕ್ರುಮ್‌ಲೋವ್ ಎಂಬಲ್ಲಿ ವ್ಲ್‌ತಾವಾ ನದಿಯ ಮೇಲಣ ಕೋಟೆಯೊಳಗೆ, ಡ್ರಾಟ್ನಿಂಗ್‌ಹೋಲ್ಮಿನ ವರ್ಷವಾದ 1766ರಲ್ಲಿಯೇ ಮುಗಿದ ಇನ್ನೊಂದು ನಾಟ್ಯಶಾಲೆಯಿದೆ. ಶ್ವಾರ್ಟ್ಸೆನ್‌ಬರ್ಗ್ ಮನೆತನದವರು ಮಾಡಿಸಿದ ಅದರ ಯಂತ್ರಗಳೂ ಪಟಗಳೂ ಹೀಗೆಯೇ ಉಳಿದಿವೆ. ದೀರ್ಘಕಾಲದ ಜೀರ್ಣೋದ್ಧಾರದ ತರುವಾಯ 1997ರಲ್ಲಿ ಅದನ್ನು ಜನರಿಗೆ ತೆರೆದರು. ಆದರೆ ಬೆಚ್ಚಗಿನ ತಿಂಗಳುಗಳಲ್ಲಿ, ಸಣ್ಣ ಸಣ್ಣ ತಂಡಗಳಾಗಿ, ನೋಡಿಕೊಂಡು ಹೋಗುವುದಕ್ಕೆ. ಆಟಗಳು ಅತ್ಯಪೂರ್ವ. ಕಾಪಾಡುವ ದೃಷ್ಟಿಯಿಂದ ಅವರ ಎಚ್ಚರವನ್ನು ತೆಗಳಲಾಗದು. ಆದರೂ ಹಗ್ಗಗಳು ಜಡವಾಗಿ ತೂಗುತ್ತಿರುವ ರಂಗವನ್ನು ನೋಡುವುದಕ್ಕಿಂತ, ನೆಲದಡಿಯಲ್ಲಿ ಆಳುಗಳು ಹೆಗಲು ಕೊಟ್ಟು ರಾಟೆ ತಿರುಗಿಸುವ ಶಬ್ದವು ಸಂಗೀತದ ನಡುವೆ ಮೆಲ್ಲಗೆ ಕೇಳಿಬರುವ ಸ್ವೀಡನ್ನಿನವರ ಏರ್ಪಾಡೇ ನನಗೆ ಹೆಚ್ಚು ಹಿತವಾಗಿ ತೋರುತ್ತದೆ; ಅದಕ್ಕೆ ಬೇಕಾದ ಹಣದಲ್ಲಿ ಒಂದು ಪಾಲು ಪಕ್ಕದ ಶಾಲೆಯ ಮದುವೆಯೂಟದಿಂದ ಬಂದರೂ ಚಿಂತೆಯಿಲ್ಲ.